ಎಂಟು ಬಟನ್ನಿನ ಬಜರ್ ಸೆಟ್: ಒಂದೂವರೆ ವರ್ಷ ಶಾಲೆಯಲ್ಲಿ ಬಳಸಿದ ಮೇಲೆ

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಮಕ್ಕಳಿಗೆ ಕ್ವಿಜ್ ನಡೆಸುವುದು ನನಗೆ ತುಂಬಾ ಇಷ್ಟದ ಕೆಲಸ. ಹೋದ ವರ್ಷ ಜೂನ್‌ನಲ್ಲಿ ಶಿವಮೊಗ್ಗದ ದುರ್ಗಿಗುಡಿ ಕಡೆ ಇರುವ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲಿ ಎಂಟು ತಂಡಕ್ಕೆ ಆಗುವ ಬಜರ್ ಸೆಟ್, ಅಂದರೆ ಯಾರು ಮೊದಲು ಬಟನ್ ಒತ್ತಿದರು ಅಂತ ತೋರಿಸುವ ಸಾಧನ, ಮಾಡಿಸಿದೆವು. ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಸಮಿತಿ) ಅರ್ಧ ದುಡ್ಡು ಕೊಟ್ಟರು, ಉಳಿದದ್ದನ್ನು ಹಳೆ ವಿದ್ಯಾರ್ಥಿಗಳು ಹಾಕಿದರು. ಒಟ್ಟು 6,500 ರೂಪಾಯಿ. ಇಂಥದ್ದು ತಗೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವ ಬೇರೆ ಶಾಲೆಯ ಟೀಚರ್‌ಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ಅದಕ್ಕೂ ಹಿಂದಿನ ವರ್ಷ ಒಂದು ಸ್ಪರ್ಧೆಗೆ ನಮ್ಮ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಕೊನೆಯ ಸುತ್ತಿನಲ್ಲಿ ಉತ್ತರ ಗೊತ್ತಿದ್ದವರು ಕೈ ಎತ್ತಬೇಕಿತ್ತು. ಯಾರು ಮೊದಲು ಎತ್ತಿದರು ಅಂತ ಕ್ವಿಜ್ ಮಾಸ್ಟರ್ ನೋಡಿ ಹೇಳುತ್ತಿದ್ದರು. ನಮ್ಮ ಮಕ್ಕಳ ಮೇಜು ತೀರಾ ಕೊನೆಯಲ್ಲಿ, ಕಿಟಕಿ ಪಕ್ಕ ಇತ್ತು. ಹಿಂದಿನಿಂದ ಬೆಳಕು ಬೀಳುತ್ತಿತ್ತು. ಮೂರು ಸಲ ನಮ್ಮ ಹುಡುಗಿಯ ಕೈ ಮೊದಲು ಮೇಲೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಮೂರು ಸಲವೂ ನಡುವಿನ ಮೇಜಿನವರನ್ನೇ ಕರೆದರು. ಅವರು ಬೇಕು ಅಂತ ಮಾಡಿದರು ಅಂತ ನಾನು ಹೇಳುವುದಿಲ್ಲ. ಆರು ಮೇಜನ್ನು ಎರಡೇ ಕಣ್ಣು ಹೇಗೆ ನೋಡಬೇಕು? ವಾಪಸ್ ಬರುವಾಗ ಬಸ್ಸು ಮಂಡಗದ್ದೆ ದಾಟುವ ತನಕ ಅವಳು ಮಾತೇ ಆಡಲಿಲ್ಲ. ಆಮೇಲೆ, "ಟೀಚರ್, ನಾನು ಇನ್ನು ಕ್ವಿಜ್‌ಗೆ ಬರಲ್ಲ. ನಂಗೆ ಉತ್ತರ ಗೊತ್ತಿತ್ತು" ಅಂದಳು. ಸೋತಿದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಗೊತ್ತಿದ್ದೂ ಹೇಳಲು ಬಿಡಲಿಲ್ಲ ಅನ್ನುವುದು ಅವಳ ನೋವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಮೊಬೈಲ್‌ನಲ್ಲಿ ಬರುವ ಬಜರ್ ಆಪ್ ನೋಡಿದೆವು. ನಮ್ಮ ಊರಿನಲ್ಲಿ ಅದು ಆಗುವ ಮಾತಲ್ಲ. ಮಕ್ಕಳ ಹತ್ತಿರ ಫೋನ್ ಇಲ್ಲ. ಟೀಚರ್‌ಗಳ ಫೋನ್ ಕೊಟ್ಟರೂ ಒಂದು ಮೇಜಿನಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಇದ್ದರೆ ಪಕ್ಕದ ಮೇಜಿನಲ್ಲಿ ಒಂದೂ ಇರುವುದಿಲ್ಲ. ನೆಟ್‌ವರ್ಕ್ ಚೆನ್ನಾಗಿರುವ ಮೇಜಿನವರೇ ಗೆದ್ದರೆ ಅದೆಂಥ ಸ್ಪರ್ಧೆ? ಅದಕ್ಕೇ ವೈರ್ ಇರುವ ಸೆಟ್ಟೇ ಬೇಕು ಅಂತ ತೀರ್ಮಾನ ಮಾಡಿದೆವು.

ಸೆಟ್‌ನಲ್ಲಿ ಇರುವುದು ಇಷ್ಟು. ಒಂದು ಮುಖ್ಯ ಪೆಟ್ಟಿಗೆ, ದೊಡ್ಡ ಟಿಫಿನ್ ಬಾಕ್ಸ್ ಗಾತ್ರದ್ದು. ಅದರ ಮೇಲೆ ಒಂದರಿಂದ ಎಂಟರ ತನಕ ಕೆಂಪು ದೀಪಗಳು. ಎಂಟು ಕೈ ಬಟನ್, ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದ್ದು. ಪ್ರತಿ ಬಟನ್ನಿನ ಪಕ್ಕ ಒಂದು ಪುಟ್ಟ ದೀಪ. ಯಾರು ಮೊದಲು ಒತ್ತುತ್ತಾರೋ ಅವರ ದೀಪ ಉರಿಯುತ್ತದೆ, ಸದ್ದು ಬರುತ್ತದೆ, ಉಳಿದ ಏಳೂ ಆಗಲೇ ಲಾಕ್ ಆಗುತ್ತವೆ. ಕ್ವಿಜ್ ಮಾಸ್ಟರ್ ರೀಸೆಟ್ ಒತ್ತಿದರೆ ಮತ್ತೆ ಎಲ್ಲರಿಗೂ ತೆರೆಯುತ್ತದೆ. ಇದರ ಜೊತೆ ಒಂದು ತಡೆ ಸ್ವಿಚ್ ಇದೆ. ಅದನ್ನು ಹಾಕಿಟ್ಟಿದ್ದರೆ ಪ್ರಶ್ನೆ ಓದಿ ಮುಗಿಯುವ ತನಕ ಯಾರ ಬಟನ್ನೂ ಕೆಲಸ ಮಾಡುವುದಿಲ್ಲ. ಒಳಗೆ ಬ್ಯಾಟರಿ ಇದೆ. ಮಲೆನಾಡಿನಲ್ಲಿ ಕರೆಂಟ್ ನಂಬಿಕೊಂಡು ಕಾರ್ಯಕ್ರಮ ಮಾಡಲು ಆಗುವುದಿಲ್ಲ, ಹಾಗಾಗಿ ಬ್ಯಾಟರಿ ಬೇಕೇ ಬೇಕು ಅಂತ ಮೊದಲೇ ಹೇಳಿದ್ದೆ. ಒಮ್ಮೆ ಚಾರ್ಜ್ ಮಾಡಿದರೆ ಬೆಳಿಗ್ಗೆಯಿಂದ ಸಂಜೆ ತನಕ ಬಂದಿದೆ.

ವೈರ್ ಕೆಲವು ಉದ್ದ, ಕೆಲವು ಗಿಡ್ಡ. ಗಿಡ್ಡ ವೈರ್ ಇದ್ದವರಿಗೆ ಬೇಗ ಕರೆಂಟ್ ಮುಟ್ಟಲ್ವಾ ಟೀಚರ್ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ವೈರಿನಲ್ಲಿ ಸಂಕೇತ ಅದಕ್ಕಿಂತ ಸ್ವಲ್ಪ ನಿಧಾನ, ಅಷ್ಟೇ. ನಾಲ್ಕು ಮೀಟರ್ ಹೆಚ್ಚುಕಡಿಮೆ ಆದರೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಮ್ಮ ಕೈ ಎಷ್ಟು ನಿಧಾನ ಗೊತ್ತಾ ಅಂತ ಕ್ಲಾಸಿನಲ್ಲೇ ಮಾಡಿ ತೋರಿಸಿದೆ. ಒಬ್ಬರು ಸ್ಕೇಲನ್ನು ಮೇಲಿಂದ ಬಿಡಬೇಕು, ಇನ್ನೊಬ್ಬರು ಕೆಳಗೆ ಬೆರಳಲ್ಲಿ ಹಿಡಿಯಬೇಕು. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ಸುಮಾರು 0.2 ಸೆಕೆಂಡ್ ಆಗಿದೆ ಅಂತ ಅರ್ಥ. ಮನುಷ್ಯರ ಬೆರಳಿನ ವೇಗ ಇಷ್ಟೇ. ಬಜರ್ ಇದಕ್ಕಿಂತ ತುಂಬಾ ಬೇಗ ತೀರ್ಮಾನ ಮಾಡಬೇಕು. ಮಾಡುತ್ತದಾ ಅಂತ ನೋಡಲೇಬೇಕಿತ್ತು.

ಇಲ್ಲೇ ನಮಗೆ ದೊಡ್ಡ ದೋಷ ಸಿಕ್ಕಿತು. ಸೆಟ್ ಮನೆಗೆ ತಂದ ಮೊದಲ ಭಾನುವಾರ ಒಂದನೇ ಮತ್ತು ಎರಡನೇ ಬಟನ್ ಪಕ್ಕಪಕ್ಕ ಇಟ್ಟು, ಮೇಲೆ ಮರದ ಸ್ಕೇಲ್ ಅಡ್ಡ ಇಟ್ಟು ಒಟ್ಟಿಗೆ ಒತ್ತಿದೆ. ಒಂದರ ದೀಪ ಉರಿಯಿತು. ಮತ್ತೆ ಒತ್ತಿದೆ. ಮತ್ತೆ ಒಂದೇ. ಡಬ್ಬಿಗಳನ್ನು ಅದಲು ಬದಲು ಮಾಡಿದೆ. ಆಗಲೂ ಒಂದೇ. ನಲವತ್ತು ಸಲ ಒತ್ತಿ ಪುಸ್ತಕದಲ್ಲಿ ಗೀಟು ಹಾಕುತ್ತಾ ಹೋದೆ. ಎರಡನೇ ಬಟನ್ನಿಗೆ ದೀಪ ಬಂದಿದ್ದು ಎರಡೇ ಸಲ. ಒಂದು ಮತ್ತು ಎಂಟನೇ ಬಟನ್ ಇಟ್ಟು ನೋಡಿದರೆ ಎಂಟಕ್ಕೆ ಒಂದು ಸಲವೂ ಬರಲಿಲ್ಲ. ಹೊಸ ಪೆಟ್ಟಿಗೆ, ಹೊಸ ವೈರ್, ಥಳಥಳ ಹೊಳೆಯುವ ಬಟನ್. ಆದರೂ ಒಂದನೇ ಮೇಜಿನವರ ಕಡೆಗೇ ವಾಲಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಅದನ್ನು ಅಂಗಡಿಗೆ ತಗೊಂಡು ಹೋದೆ. ಅಂಗಡಿಯ ಅಣ್ಣ ಮೊದಲು, "ಎಂತ ಮೇಡಂ, ಚೆಂದ ಉರೀತದಲ್ಲ?" ಅಂದರು. ಸ್ಕೇಲ್ ಅವರ ಕೈಗೇ ಕೊಟ್ಟೆ. ಹತ್ತು ಸಲ ಒತ್ತಿ ನೋಡಿ ಸುಮ್ಮನಾದರು. ಆಮೇಲೆ ಲ್ಯಾಪ್‌ಟಾಪ್ ತೆಗೆದು ನನಗೂ ಅರ್ಥ ಆಗುವ ಹಾಗೆ ವಿವರಿಸಿದರು. ಒಳಗಿನ ಚಿಪ್ ಎಂಟು ಬಟನ್ನನ್ನೂ ಒಂದೇ ಸಲ ನೋಡುವುದಿಲ್ಲ. ಒಂದು, ಎರಡು, ಮೂರು ಅಂತ ಸಾಲಾಗಿ ನೋಡುತ್ತದೆ. ಎಂಟು ಮುಗಿದ ಮೇಲೆ ಮತ್ತೆ ಒಂದರಿಂದ ಶುರು. ಇದು ಬಹಳ ಬೇಗ ನಡೆದರೆ ತೊಂದರೆ ಇಲ್ಲ. ಆದರೆ ಬಟನ್ ಒತ್ತಿದಾಗ ಒಳಗಿನ ತಗಡು ಸ್ವಲ್ಪ ಅದುರುತ್ತದೆ, ಒಂದೇ ಒತ್ತು ನಾಲ್ಕು ಒತ್ತಿನ ಹಾಗೆ ಕಾಣುತ್ತದೆ. ಅದನ್ನು ತಡೆಯಲು ಅವರು ಪ್ರತಿ ಸುತ್ತಿಗೂ ಸ್ವಲ್ಪ ಹೊತ್ತು ಕಾಯುವ ಹಾಗೆ ಪ್ರೋಗ್ರಾಂ ಬರೆದಿದ್ದರು. ಆ ಕಾಯುವ ಹೊತ್ತಿನಲ್ಲಿ ಇಬ್ಬರು ಒತ್ತಿದರೆ ಯಾರು ಮೊದಲು ಅನ್ನುವುದು ಚಿಪ್‌ಗೆ ಗೊತ್ತೇ ಆಗುವುದಿಲ್ಲ. ಸಾಲಿನಲ್ಲಿ ಮೊದಲು ಸಿಕ್ಕವರಿಗೆ ದೀಪ ಕೊಟ್ಟುಬಿಡುತ್ತದೆ.

ಅವರು ಜಗಳ ಆಡಲಿಲ್ಲ, ಜಾಸ್ತಿ ದುಡ್ಡನ್ನೂ ಕೇಳಲಿಲ್ಲ. ಕಾಯುವುದನ್ನು ತೆಗೆದರು. ಮೊದಲ ಒತ್ತು ಕಂಡ ತಕ್ಷಣ ಲಾಕ್ ಆಗುವ ಹಾಗೆ ಬರೆದರು. ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದರು. ಪ್ರತಿ ಸುತ್ತೂ ಬೇರೆ ಬೇರೆ ನಂಬರಿನಿಂದ ನೋಡಲು ಶುರು ಮಾಡುವ ಹಾಗೆ ಬದಲಾಯಿಸಿದರು. ಅಲ್ಲೇ ಕೂತು ಮತ್ತೆ ನಲವತ್ತು ಸಲ ಒತ್ತಿದೆವು. ಈ ಸಲ ಇಪ್ಪತ್ತೊಂದು, ಹತ್ತೊಂಬತ್ತು. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲು ಆಗುವುದಿಲ್ಲ. ನೀವು ಎಲ್ಲೇ ಬಜರ್ ತಗೊಂಡರೂ ದುಡ್ಡು ಕೊಡುವ ಮೊದಲು ಈ ಸ್ಕೇಲ್ ಪರೀಕ್ಷೆ ಮಾಡಿ. ನೂರು ರೂಪಾಯಿದ್ದಾಗಲಿ ಹತ್ತು ಸಾವಿರದ್ದಾಗಲಿ, ಮಾಡಿಯೇ ತಗೊಳ್ಳಿ.

ಎರಡನೇ ದೋಷ ಕಂಡುಹಿಡಿದಿದ್ದು ಮಕ್ಕಳು. ತಡೆ ಸ್ವಿಚ್ ಹಾಕಿದ್ದಾಗಲೇ ಬಟನ್ ಒತ್ತಿ ಹಿಡಿದುಕೊಂಡಿದ್ದರೆ, ತಡೆ ತೆಗೆದ ಕ್ಷಣ ಅವರದ್ದೇ ದೀಪ. ಎಂಟನೇ ಕ್ಲಾಸಿನ ಹುಡುಗ ಒಬ್ಬ ಸತತವಾಗಿ ಐದು ಸಲ ಗೆದ್ದು, ಆರನೇ ಸಲ ತಾನೇ ಬಂದು, "ಟೀಚರ್, ಇದು ಸರಿ ಇಲ್ಲ, ನಾನು ಮೊದಲೇ ಒತ್ತಿ ಹಿಡಿದಿದ್ದೆ" ಅಂತ ಹೇಳಿದ. ಅವನ ಬೆನ್ನು ತಟ್ಟಿದೆ. ಆ ಐದು ಅಂಕಕ್ಕಿಂತ ಅವನು ಹೇಳಿದ್ದು ನನಗೆ ದೊಡ್ಡದು. ಅದನ್ನೂ ಸರಿ ಮಾಡಿಸಿದೆವು. ಈಗ ಮೊದಲೇ ಒತ್ತಿ ಹಿಡಿದ ಬಟನ್ ಲೆಕ್ಕಕ್ಕೆ ಇಲ್ಲ. ಬಿಟ್ಟು ಮತ್ತೆ ಒತ್ತಬೇಕು.

ಸದ್ದಿನ ಬಗ್ಗೆ ಎರಡು ಮಾತು. ಶುರುವಿನಲ್ಲಿ ಲಾರಿ ಹಾರ್ನ್ ಥರ ಕೂಗುತ್ತಿತ್ತು. ಮೊದಲ ದಿನ ಒತ್ತಿದ ಹುಡುಗಿ ಬೆಚ್ಚಿಬಿದ್ದು ಉತ್ತರವನ್ನೇ ಮರೆತಳು. ಸದ್ದು ಇಳಿಸಿಕೊಡಿ ಅಂದೆ. ಇಳಿಸಿಕೊಟ್ಟರು. ಆಮೇಲೆ ಜುಲೈ ಬಂತು. ನಮ್ಮ ಸಭಾಂಗಣಕ್ಕೆ ಇರುವುದು ಶೀಟಿನ ಚಾವಣಿ. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆಗ ಸದ್ದೂ ಸಾಲಲಿಲ್ಲ, ಕ್ವಿಜ್ ಮಾಸ್ಟರ್ ದನಿಯೂ ಹಿಂದಿನ ಮೇಜಿಗೆ ಹೋಗಲಿಲ್ಲ. ಮುಂದಿನ ಎರಡು ಮೇಜಿನವರು ಮಾತ್ರ ಒತ್ತುತ್ತಿದ್ದರು. ಬಜರ್ ಎಷ್ಟೇ ಸರಿ ಇದ್ದರೂ ಪ್ರಶ್ನೆ ಎಲ್ಲರ ಕಿವಿಗೆ ಒಂದೇ ಹೊತ್ತಿಗೆ ಬೀಳದಿದ್ದರೆ ಏನು ಪ್ರಯೋಜನ? ಅವತ್ತು ಬಜರ್ ಸುತ್ತನ್ನೇ ನಿಲ್ಲಿಸಿ, ಪ್ರಶ್ನೆಗಳನ್ನು ಬೋರ್ಡ್ ಮೇಲೆ ಬರೆದು, ಉತ್ತರ ಚೀಟಿಯಲ್ಲಿ ಬರೆಸಿಕೊಂಡೆವು. ಅದಾದ ಮೇಲೆ ಬೇರೆ ಶಾಲೆಯವರನ್ನು ಕರೆದು ಮಾಡುವ ಕ್ವಿಜ್ ಅನ್ನು ಡಿಸೆಂಬರ್‌ಗೆ ಇಟ್ಟುಕೊಂಡೆವು. ಮೇಜುಗಳನ್ನು ಸಾಲಾಗಿ ಇಡದೆ ಅರ್ಧ ಚಂದ್ರದ ಹಾಗೆ ಇಟ್ಟೆವು. ಎಲ್ಲರಿಗೂ ಕ್ವಿಜ್ ಮಾಸ್ಟರ್ ಅಷ್ಟೇ ದೂರ.

ಆ ಡಿಸೆಂಬರ್ ಕ್ವಿಜ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸೆಟ್‌ನ ನಿಜವಾದ ಪರೀಕ್ಷೆ ಆಗಿದ್ದು ಅವತ್ತೇ.

ನಾಲ್ಕು ತಾಲ್ಲೂಕಿನಿಂದ 18 ಶಾಲೆಗಳು ಬಂದಿದ್ದವು. ಮೊದಲು ಎಲ್ಲರಿಗೂ 25 ಪ್ರಶ್ನೆಯ ಬರವಣಿಗೆ ಸುತ್ತು. ದೂರದಿಂದ ಬಂದ ಮಕ್ಕಳು ಹತ್ತು ನಿಮಿಷ ಕೂತು ವಾಪಸ್ ಹೋಗಬಾರದು, ಅಲ್ವಾ? ಹಾಗಾಗಿ ಬರೆದ ಮೇಲೆ ಒಂದೊಂದು ಪ್ರಶ್ನೆಯ ಉತ್ತರವನ್ನೂ ಎಲ್ಲರೆದುರು ಬಿಡಿಸಿ ಹೇಳಿದೆವು. ಅದರಲ್ಲಿ ಆರು ತಂಡ ವೇದಿಕೆಗೆ. ಎಂಟು ಬಟನ್ ಇದ್ದರೂ ಆರೇ ಬಳಸಿದೆವು, ಎರಡು ಹೆಚ್ಚುವರಿಯಾಗಿ ಇರಲಿ ಅಂತ. ತಂಡಗಳಿಗೆ ಶಾಲೆಯ ಹೆಸರು ಇಡಲಿಲ್ಲ. ತುಂಗಾ, ಭದ್ರಾ, ಶರಾವತಿ, ವರದಾ, ಕುಮುದ್ವತಿ, ದಂಡಾವತಿ ಅಂತ ನಮ್ಮ ಜಿಲ್ಲೆಯ ನದಿಗಳ ಹೆಸರು. ದೊಡ್ಡ ಶಾಲೆ, ಸಣ್ಣ ಶಾಲೆ, ಸರ್ಕಾರಿ, ಪ್ರೈವೇಟ್ ಅನ್ನುವುದು ಆ ಒಂದು ಗಂಟೆ ಯಾರ ಬಾಯಲ್ಲೂ ಬರಬಾರದು ಅನ್ನುವುದು ನನ್ನ ಆಸೆಯಾಗಿತ್ತು.

ಬಜರ್ ಇದೆ ಅಂತ ಎಲ್ಲ ಸುತ್ತಿಗೂ ಬಜರ್ ಇಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಿಧಾನಕ್ಕೆ ಯೋಚಿಸುವ ಮಗುವಿಗೂ ಜಾಗ ಬೇಕು. ನಾವು ನಾಲ್ಕು ಸುತ್ತಿನಲ್ಲಿ ಕೊನೆಯದ್ದಕ್ಕೆ ಮಾತ್ರ ಬಜರ್ ಕೊಟ್ಟೆವು. ಮೊದಲ ಸುತ್ತುಗಳಲ್ಲಿ ಪ್ರಶ್ನೆ ಒಂದು ತಂಡಕ್ಕೆ, ಗೊತ್ತಿಲ್ಲದಿದ್ದರೆ ಮುಂದಿನವರಿಗೆ ಪಾಸ್. ಇದರಲ್ಲೂ ಒಂದು ಅನ್ಯಾಯ ಅಡಗಿದೆ, ಬಹಳ ಜನ ಗಮನಿಸುವುದಿಲ್ಲ. ಪ್ರತಿ ಸಲವೂ ತಂಡಗಳ ಸರದಿ ಒಂದೇ ಥರ ಹೋದರೆ, ಸ್ವಲ್ಪ ಹಿಂದುಳಿದ ತಂಡದ ಪಕ್ಕ ಕೂತವರಿಗೆ ಪಾಸ್ ಪ್ರಶ್ನೆಗಳು ಧಾರಾಳವಾಗಿ ಸಿಗುತ್ತವೆ. ಚುರುಕಾದ ತಂಡದ ಪಕ್ಕ ಕೂತವರಿಗೆ ಏನೂ ಸಿಗುವುದಿಲ್ಲ. ಎಲ್ಲಿ ಕೂತರು ಅನ್ನುವುದರ ಮೇಲೆ ಸೋಲು ಗೆಲುವು ತೀರ್ಮಾನ ಆಗುತ್ತದೆ. ಬೆಂಗಳೂರಿನಲ್ಲಿ ಕ್ವಿಜ್ ಆಡುವವರು ಇದಕ್ಕೆ ಒಂದು ಉಪಾಯ ಬಳಸುತ್ತಾರೆ. ಅಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ, ಅವರಿಗೆಲ್ಲ ಇದು ಹಳೆಯ ಅಭ್ಯಾಸ. ಯಾರು ಉತ್ತರ ಹೇಳಿದರೋ ಅವರ ಪಕ್ಕದ ತಂಡಕ್ಕೆ ಮುಂದಿನ ಪ್ರಶ್ನೆ ಹೋಗಬೇಕು. ಅರ್ಧ ಪ್ರಶ್ನೆ ಮುಗಿದ ಮೇಲೆ ದಿಕ್ಕು ತಿರುಗಿಸಬೇಕು, ಎಡದಿಂದ ಬಲಕ್ಕೆ ಇದ್ದದ್ದು ಬಲದಿಂದ ಎಡಕ್ಕೆ. ನಾವೂ ಹಾಗೇ ಮಾಡಿದೆವು. ಮಕ್ಕಳಿಗೆ ಎರಡೇ ನಿಮಿಷದಲ್ಲಿ ಅರ್ಥ ಆಯಿತು. ನಮ್ಮ ಕೆಲವು ಮೇಷ್ಟ್ರುಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬಜರ್ ಸುತ್ತಿನ ಪ್ರಶ್ನೆ ಬರೆಯುವುದು ಬೇರೆಯದ್ದೇ ಕೆಲಸ. "253 ಮೀಟರ್ ಎತ್ತರದ ಜೋಗ ಜಲಪಾತ ಯಾವ ನದಿಯದ್ದು?" ಅಂತ ಕೇಳಿದರೆ ಆರೂ ತಂಡಕ್ಕೆ ಗೊತ್ತು. ಆಗ ಗೆಲ್ಲುವುದು ತಲೆ ಅಲ್ಲ, ಬೆರಳು. ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಕ್ವಿಜ್ ಬೌಲ್ ಅಂತ ಆಡುತ್ತಾರೆ. ಅಲ್ಲಿ ಪ್ರಶ್ನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ಪದ್ಧತಿ ಇದೆ. ಮೊದಲು ಕಷ್ಟದ ಸುಳಿವು, ಆಮೇಲೆ ಸುಲಭದ್ದು. ಎಲ್ಲಿ ಬೇಕಾದರೂ ಒತ್ತಬಹುದು. ನಾನು ಅದನ್ನೇ ನಮ್ಮ ಮಕ್ಕಳಿಗೆ ಹೊಂದಿಸಿ ಹೀಗೆ ಬರೆದೆ: "ಈ ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರುವುದು ಹೊನ್ನಾವರದಲ್ಲಿ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಇದಕ್ಕೆ ಕಟ್ಟಿದ ಅಣೆಕಟ್ಟು ಮುಗಿಯಿತು. ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕಾಗಿ ಧುಮುಕುವ ಈ ನದಿ ಯಾವುದು?" ಅಂಬುತೀರ್ಥ ಗೊತ್ತಿದ್ದವರಿಗೆ ಮೊದಲ ಸಾಲಿಗೇ ಅಂಕ. ಅವಸರಕ್ಕೆ ಒತ್ತಿ ತಪ್ಪು ಹೇಳಿದರೆ ಆ ಪ್ರಶ್ನೆಯಲ್ಲಿ ಅವರಿಗೆ ಮತ್ತೆ ಅವಕಾಶ ಇಲ್ಲ, ಅಷ್ಟೇ. ಅಂಕ ಕಳೆಯುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ಮೈನಸ್ ಅಂಕ ಇಟ್ಟರೆ ಗೊತ್ತಿದ್ದವರೂ ಬಾಯಿ ಬಿಡುವುದಿಲ್ಲ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದೊಂದು ಸಾಲನ್ನೂ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪರದೆ ಮೇಲೆ ಒಟ್ಟಿಗೆ ತೋರಿಸಿದೆವು. ಬರೀ ಓದಿದರೆ ಯಾವ ಭಾಷೆಯಲ್ಲಿ ಮೊದಲು ಓದುತ್ತೇವೋ ಆ ಮಾಧ್ಯಮದವರಿಗೆ ಮೂರು ಸೆಕೆಂಡ್ ಲಾಭ. ಬಜರ್ ಮುಂದೆ ಮೂರು ಸೆಕೆಂಡ್ ಅಂದರೆ ಯುಗ. ಪರದೆ ಇಲ್ಲದ ಶಾಲೆಯವರು ತಡೆ ಸ್ವಿಚ್ ಹಾಕಿ, ಎರಡೂ ಭಾಷೆಯಲ್ಲಿ ಓದಿ ಮುಗಿಸಿ, ಆಮೇಲೆ ತೆಗೆಯಬಹುದು. ಉತ್ತರ ದ್ಯುತಿಸಂಶ್ಲೇಷಣೆ ಅಂದರೂ ಸರಿ, ಫೋಟೋಸಿಂಥೆಸಿಸ್ ಅಂದರೂ ಸರಿ.

ಈಗ ಅವತ್ತಿನ ಮುಖ್ಯ ಘಟನೆ. ಬಜರ್ ಸುತ್ತಿನ ಮಧ್ಯದಲ್ಲಿ ನಮ್ಮ ಸಮಾಜ ವಿಜ್ಞಾನದ ಸರ್, "ಕನ್ನಡದ ಅತಿ ಹಳೆಯ ಶಾಸನ ಯಾವುದು?" ಅಂತ ಕೇಳಿದರು. ಟಕ್ ಅಂತ ವರದಾ ತಂಡದ ದೀಪ ಉರಿಯಿತು. ಶಿಕಾರಿಪುರದ ಕಡೆಯ ಹುಡುಗ. ಮೊದಲು ನಮ್ಮಲ್ಲೇ ಇದ್ದು ಅಲ್ಲಿಗೆ ವರ್ಗವಾಗಿ ಹೋದ ಟೀಚರ್ ಕರೆತಂದಿದ್ದ ತಂಡ. ಅವನು "ತಾಳಗುಂದ" ಅಂದ. ಸರ್ ತಪ್ಪು ಅಂದರು. ಕುಮುದ್ವತಿ ತಂಡದವರು ಹಲ್ಮಿಡಿ ಅಂದರು, ಹತ್ತು ಅಂಕ ಅವರಿಗೆ ಸಿಕ್ಕಿತು. ಆ ಹುಡುಗ ಎದ್ದು ನಿಂತ. ದನಿ ನಡುಗುತ್ತಿತ್ತು, ಆದರೆ ಕೂರಲಿಲ್ಲ. "ಸರ್, ಚೀಟಿ ಕೊಡ್ತೀವಿ" ಅಂದ.

ಚೀಟಿ ಅಂದರೆ ನಮ್ಮ ನಿಯಮ. ತೀರ್ಪು ಸರಿ ಇಲ್ಲ ಅನಿಸಿದರೆ ಆ ಸುತ್ತು ಮುಗಿಯುವ ಒಳಗೆ ಕಾರಣ ಬರೆದು ಕೊಡಬಹುದು. ಮೂವರು ಟೀಚರ್‌ಗಳು ನೋಡುತ್ತಾರೆ. ಆ ಮೂವರಲ್ಲಿ ವೇದಿಕೆ ಮೇಲಿನ ಶಾಲೆಯವರು ಯಾರೂ ಇರುವಂತಿಲ್ಲ. ಅವನ ಚೀಟಿ ನನ್ನ ಹತ್ತಿರ ಇನ್ನೂ ಇದೆ. ಪೆನ್ಸಿಲ್‌ನಲ್ಲಿ ನಾಲ್ಕು ಸಾಲು: "ತಾಳಗುಂದ ನಮ್ಮ ತಾಲೂಕು. ಪ್ರಣವೇಶ್ವರ ದೇವಸ್ಥಾನ. ಸಿಂಹಕಟಾಂಜನ ಶಾಸನ. 370. ನಾವು ನೋಡಿಕೊಂಡು ಬಂದಿದ್ದೇವೆ."

ಮೂವರು ಟೀಚರ್‌ಗಳು ನೆಟ್‌ವರ್ಕ್ ಸಿಗುವ ಗೇಟಿನ ತನಕ ಹೋಗಿ ಹುಡುಕಿದರು. ಹುಡುಗ ಹೇಳಿದ್ದು ನಿಜ. ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದ್ದು, ನಾವೆಲ್ಲ ಓದಿ ಬಂದದ್ದು ಅದನ್ನೇ. ಆದರೆ ತಾಳಗುಂದದಲ್ಲಿ ಪುರಾತತ್ವ ಇಲಾಖೆಯವರಿಗೆ 2013ರಲ್ಲಿ ಸಿಕ್ಕ ಶಾಸನವನ್ನು ಕ್ರಿ.ಶ. 370ರದ್ದು ಅಂತ ಗುರುತಿಸಿದ್ದಾರೆ. ಸರ್ ಮೈಕ್ ತಗೊಂಡು, "ಪ್ರಶ್ನೆ ಕೇಳಿದ ರೀತಿ ನಮ್ಮ ತಪ್ಪು. ವರದಾ ತಂಡಕ್ಕೂ ಹತ್ತು ಅಂಕ. ಕುಮುದ್ವತಿಯವರು ಪುಸ್ತಕದಲ್ಲಿ ಇರುವುದನ್ನೇ ಹೇಳಿದ್ದಾರೆ, ಅವರದ್ದನ್ನು ಕಿತ್ತುಕೊಳ್ಳುವುದಿಲ್ಲ" ಅಂದರು. ಆಮೇಲೆ ಆ ಹುಡುಗನನ್ನೇ ಕರೆದು ಶಾಸನದ ಬಗ್ಗೆ ಒಂದು ನಿಮಿಷ ಮಾತಾಡಿಸಿದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಕುಮುದ್ವತಿಯ ಮಕ್ಕಳು ಎಲ್ಲರಿಗಿಂತ ಜೋರಾಗಿ ತಟ್ಟಿದರು. ನನ್ನ ಕಣ್ಣು ತುಂಬಿ ಬಂತು. ವರದಾ ತಂಡ ಕೊನೆಗೆ ಮೂರನೇ ಸ್ಥಾನ ಬಂತು, ಆದರೆ ಆ ಹುಡುಗ ಹೋಗುವಾಗ ನೆಗೆಯುತ್ತಾ ಹೋದ.

ಅಂದಿನಿಂದ "ಅತಿ ಹಳೆಯ", "ಅತಿ ದೊಡ್ಡ", "ಅತಿ ಹೆಚ್ಚು" ಅನ್ನುವ ಪ್ರಶ್ನೆ ಬಂದರೆ ಎರಡು ಸಲ ನೋಡುತ್ತೇವೆ. ಅತಿ ಹೆಚ್ಚು ಚಂದ್ರರು ಇರುವ ಗ್ರಹ ಯಾವುದು? 2023ರ ಫೆಬ್ರವರಿಯಲ್ಲಿ ಗುರು ಮುಂದೆ ಹೋಗಿತ್ತು. ಅದೇ ಮೇ ತಿಂಗಳಲ್ಲಿ ಶನಿ ಮತ್ತೆ ಮುಂದೆ ಬಂತು. 2025ರ ಮಾರ್ಚ್‌ನಲ್ಲಿ ಶನಿಯ ಲೆಕ್ಕ 274 ಆಯಿತು. ಹಳೆಯ ಕ್ವಿಜ್ ಪುಸ್ತಕ ಇಟ್ಟುಕೊಂಡು ಕೇಳಿದರೆ ಸರಿ ಹೇಳಿದ ಮಗುವಿಗೇ ಸೊನ್ನೆ ಸಿಗುತ್ತದೆ. ಕುವೆಂಪು ಹುಟ್ಟಿದ ಊರು ಅಂದರೆ ನಮ್ಮ ತಾಲ್ಲೂಕಿನ ಮಕ್ಕಳೆಲ್ಲ ಕುಪ್ಪಳಿ ಅನ್ನುತ್ತಾರೆ. ಅವರು ಬೆಳೆದ ಮನೆ ಕುಪ್ಪಳಿಯದ್ದು. ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ಊರಲ್ಲಿ. ಇಂಥದ್ದನ್ನು ಬೀಳಿಸುವ ಪ್ರಶ್ನೆಯಾಗಿ ಕೇಳಬಾರದು. ಕೇಳಿದರೆ ಉತ್ತರದ ಜೊತೆ ಕಥೆಯನ್ನೂ ಹೇಳಬೇಕು.

ಇನ್ನು ಕ್ವಿಜ್ ಮಾಸ್ಟರ್ ಬಾಯಿ. "ಇಷ್ಟೂ ಗೊತ್ತಿಲ್ವಾ?" ಅನ್ನುವ ಮಾತನ್ನು ನಮ್ಮಲ್ಲಿ ಆಡುವಂತೆಯೇ ಇಲ್ಲ. ತಪ್ಪು ಉತ್ತರಕ್ಕೆ "ಹತ್ತಿರ ಬಂದಿದ್ದೀರಿ" ಅನ್ನಬಹುದು, ಅದೂ ನಿಜವಾಗಿ ಹತ್ತಿರ ಬಂದಿದ್ದರೆ. ಅಂಕಗಳನ್ನು ಮಕ್ಕಳೇ ಬೋರ್ಡ್ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಾರೆ, ಒಬ್ಬ ಟೀಚರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸುತ್ತು ಮುಗಿದಾಗ ಎರಡೂ ತಾಳೆ ನೋಡಿದ ಮೇಲೇ ಮುಂದಿನದ್ದು. ಬಹುಮಾನಕ್ಕೆ ಪುಸ್ತಕ. ಚಂದನ ವಾಹಿನಿಯಲ್ಲಿ 2002ರಿಂದ ಬರುತ್ತಿರುವ ಥಟ್ ಅಂತ ಹೇಳಿ ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಪುಸ್ತಕ ಕೊಡುವುದನ್ನು ನೋಡಿಕೊಂಡೇ ನಾನು ಟೀಚರ್ ಆದವಳು. ನಾವು 18 ಶಾಲೆಗೂ ಒಂದೊಂದು ಪುಸ್ತಕ ಕೊಟ್ಟೆವು, ಗೆದ್ದವರಿಗೆ ಜಾಸ್ತಿ. ಬರಿಗೈಯಲ್ಲಿ ಯಾರೂ ಬಸ್ಸು ಹತ್ತಲಿಲ್ಲ.

ಸೆಟ್ ವಿಷಯಕ್ಕೆ ವಾಪಸ್ ಬರುತ್ತೇನೆ. ಬಳಸುವಾಗ ಕಂಡ ಸಣ್ಣ ಪುಟ್ಟ ತೊಂದರೆಗಳು ಇವು. ದೀಪ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಅಂಗಳದಲ್ಲಿ ಮಾಡಬೇಡಿ. ರೀಸೆಟ್ ಬಟನ್ ಪೆಟ್ಟಿಗೆಯಲ್ಲೇ ಇರುವುದರಿಂದ ಕ್ವಿಜ್ ಮಾಸ್ಟರ್ ಪಕ್ಕ ಇನ್ನೊಬ್ಬರು ಕೂರಬೇಕು. ಅದಕ್ಕೂ ಉದ್ದ ವೈರ್ ಹಾಕಿಸಬೇಕಿತ್ತು, ನನಗೆ ಹೊಳೆಯಲಿಲ್ಲ. ಮಳೆಗಾಲದಲ್ಲಿ ಬಟನ್ ಒಳಗಿನ ತಗಡಿಗೆ ಹಸಿರು ಹಿಡಿಯುತ್ತದೆ. ಆಗಸ್ಟ್‌ನಲ್ಲಿ ಐದನೇ ಬಟನ್ ಒಂದೊಂದು ಸಲ ಒತ್ತಿದರೂ ಏಳುತ್ತಿರಲಿಲ್ಲ. ಬಿಚ್ಚಿ, ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿದ ಮೇಲೆ ಸರಿ ಆಯಿತು. ಈಗ ಅಕ್ಕಿ ಡಬ್ಬದಂಥ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇವೆ. ವೈರ್‌ಗಳು ಗಂಟಾಗದ ಹಾಗೆ ಒಂದೊಂದನ್ನೂ ಸುತ್ತಿ ಹಳೆ ಸೈಕಲ್ ಟ್ಯೂಬಿನ ರಬ್ಬರ್ ಹಾಕಿದ್ದೇವೆ. ಪ್ರತಿ ಕಾರ್ಯಕ್ರಮದ ಮೊದಲು ಎಲ್ಲ ತಂಡದ ಎದುರೇ ಸ್ಕೇಲ್ ಪರೀಕ್ಷೆ ನಡೆಯುತ್ತದೆ, ತಂಡದವರೇ ಬಂದು ಒತ್ತುತ್ತಾರೆ. ಡಿಸೆಂಬರ್‌ನಲ್ಲಿ ಆ ಕೆಲಸ ಮಾಡಿಸಿದ್ದು ಅವತ್ತು ಬಸ್ಸಿನಲ್ಲಿ, ಇನ್ನು ಕ್ವಿಜ್‌ಗೆ ಬರಲ್ಲ ಅಂದಿದ್ದ ಹುಡುಗಿ. ಅವಳು ಈಗ ಪಿಯುಸಿ ಓದುತ್ತಿದ್ದಾಳೆ. ಕರೆದ ಕೂಡಲೇ ಬಂದಳು. ಎಂಟು ಬಟನ್ನನ್ನೂ ಜೋಡಿ ಜೋಡಿಯಾಗಿ ಒತ್ತಿಸಿ ನೋಡಿ, "ಎಲ್ಲಾ ಸರಿ ಇದೆ ಟೀಚರ್" ಅಂತ ಹೇಳಿ ಮುಂದಿನ ಸಾಲಿನಲ್ಲಿ ಕೂತಳು.

6,500 ರೂಪಾಯಿಗೆ ಇದು ಬಾಳುವ ವಸ್ತು. ಎಂಟು ಬೇಡ ಅನ್ನುವವರು ಆರರದ್ದು ಮಾಡಿಸಬಹುದು. ಆದರೆ ತಡೆ ಸ್ವಿಚ್ ಮತ್ತು ಬ್ಯಾಟರಿ ಬಿಡಬೇಡಿ. ಅಕ್ಕಪಕ್ಕದ ನಾಲ್ಕೈದು ಶಾಲೆ ಸೇರಿ ಒಂದು ಮಾಡಿಸಿದರೂ ಸಾಕು, ಪ್ರತಿಭಾ ಕಾರಂಜಿ ಹೊತ್ತಿಗೆ ಎಲ್ಲರಿಗೂ ಆಗುತ್ತದೆ. ನಮ್ಮದನ್ನು ಕೇಳಿದವರಿಗೆಲ್ಲ ಕೊಡುತ್ತೇವೆ. ಹೋದ ವಾರ ಹೊಸನಗರದ ಕಡೆಯ ಒಂದು ಶಾಲೆಯಿಂದ ವಾಪಸ್ ಬಂತು. ಮೂರನೇ ಬಟನ್ನಿನ ವೈರ್ ಬುಡದಲ್ಲಿ ಸಡಿಲ ಆಗಿದೆ. ಶನಿವಾರ ಶಿವಮೊಗ್ಗಕ್ಕೆ ಹೋಗುತ್ತೇನೆ, ಅದನ್ನು ಸರಿ ಮಾಡಿಸಿ, ರೀಸೆಟ್‌ಗೂ ಉದ್ದ ವೈರ್ ಹಾಕಿಸಿಕೊಂಡು ಬರಬೇಕು.